ಪಿ.ಬಿ. ರೋಡಿನ ಉತ್ತರ

ಬಕ್ಕೇಶಪ್ಪನವರು ನಕ್ಷೆಯ ಮೇಲೆ ಉತ್ತರದ ಬಾಣ ಬರೆದರೆ ಅದರ ತಲೆಯ ಬಲ ಅರ್ಧಕ್ಕೆ ಮಾತ್ರ ಕಪ್ಪು ತುಂಬುತ್ತಿದ್ದರು. ಎಡ ಅರ್ಧ ಬಿಳಿಯಾಗಿಯೇ ಉಳಿಯುತ್ತಿತ್ತು. ಹಾಳೆ ದೊಡ್ಡದಿರಲಿ ಸಣ್ಣದಿರಲಿ, ಬಾಣದ ಉದ್ದ ಒಂದೂಕಾಲು ಇಂಚು. ಕೆಳಗೆ ‘ಉ’ ಎಂಬ ಒಂದೇ ಅಕ್ಷರ.

ಹೋದ ತಿಂಗಳು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿದ್ದ ಅವರ ಆಫೀಸನ್ನು ಖಾಲಿ ಮಾಡಿದೆವು. ಅವರು ಕುರ್ಚಿಯಲ್ಲಿ ಕೂತು, ನಾನು ಬಿಚ್ಚಿ ತೋರಿಸಿದ ಒಂದೊಂದು ಸುರುಳಿಗೂ ಇಡು, ಬಿಡು ಎನ್ನುತ್ತಿದ್ದರು. ಟ್ರೇಸಿಂಗ್ ಕಾಗದ ಹಳೆಯದಾದಂತೆ ಅದಕ್ಕೊಂದು ವಾಸನೆ ಬರುತ್ತದೆ, ಗೋಂದಿಗೆ ನುಸಿಗುಳಿಗೆ ಕಲಸಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕೋಣೆಯೆಲ್ಲ ಅದೇ ವಾಸನೆ. ಆಗ ಹರಿಹರದ ಸರೋಜಮ್ಮನವರ ಖಾನಾವಳಿಯ ಹಾಳೆ ಸಿಕ್ಕಿತು. ಅದರ ಮೇಲಿನ ಬಾಣ ಬರೆದವರು ಬಕ್ಕೇಶಪ್ಪ. ದಿಕ್ಕು ಹೇಳಿದವಳು ನಾನು. ಆ ಹಾಳೆಗೆ ಅವರು ಇಡು ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ನಾನೇ ಚೀಲಕ್ಕೆ ಹಾಕಿಕೊಂಡು ಬಂದೆ.

ಆ ಆಫೀಸಿನಲ್ಲಿ ನಾನು ಕೆಲಸ ಮಾಡಿದ್ದು ಒಂದೇ ವರ್ಷ, ಒಂದು ಜೂನ್‌ನಿಂದ ಮರು ಮೇ ಕೊನೆಯವರೆಗೆ. ಐದು ವರ್ಷದ ಆರ್ಕಿಟೆಕ್ಚರ್ ಪದವಿ ಆಗಷ್ಟೇ ಮುಗಿದಿತ್ತು. ಮನೆಯ ಒಂದು ಕಾರಣಕ್ಕೆ ದಾವಣಗೆರೆ ಬಿಟ್ಟು ಹೋಗುವಂತಿರಲಿಲ್ಲ. ಆ ಕಾರಣ ಈ ಬರಹಕ್ಕೆ ಬೇಕಿಲ್ಲ. ಕಾಲೇಜಿನ ಮೇಷ್ಟ್ರೊಬ್ಬರು ಬಕ್ಕೇಶಪ್ಪನವರ ಹೆಸರು ಹೇಳಿ, ಅಲ್ಲಿರುವುದು ಒಂದೇ ಕಂಪ್ಯೂಟರ್, ಅದಕ್ಕೂ ಬಟ್ಟೆ ಹೊದಿಸಿಟ್ಟಿದ್ದಾರೆ, ಆದರೆ ಕಟ್ಟುವುದು ಹೇಗೆಂದು ಕಲಿಯಬಹುದು ಎಂದರು. ಹೋದೆ.

ಬಕ್ಕೇಶಪ್ಪನವರು ಕುಕ್ಕುವಾಡದವರು. ಅವರ ತಂದೆ ಊರಿನ ಹೊಲವನ್ನು ಅಣ್ಣನಿಗೆ ಬಿಟ್ಟು ದಾವಣಗೆರೆಯ ಹತ್ತಿ ಗಿರಣಿಯೊಂದರ ನೂಲುವ ವಿಭಾಗಕ್ಕೆ ಸೇರಿದ್ದರು. ಮಗ ಐ.ಟಿ.ಐ.ನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ ಅದೇ ಗಿರಣಿಯ ಕಟ್ಟಡ ವಿಭಾಗದಲ್ಲಿ ಟ್ರೇಸರ್ ಆದರು. ಇಂಜಿನಿಯರು ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಶಾಯಿಯಲ್ಲಿ ಗೆರೆ ತಪ್ಪದೆ ಇಳಿಸುವುದು ಟ್ರೇಸರ್ ಕೆಲಸ. ಏಳು ವರ್ಷ ಅವರು ಮಾಡಿದ್ದು ಅಷ್ಟೇ. ಅಷ್ಟರಲ್ಲಿ ಗಿರಣಿಯ ಮಾಡಿನ ಒಂದೊಂದು ಕೋನವೂ ಅವರ ಕೈಗೆ ಬಂದಿತ್ತು.

ಹಳೆಯ ಗಿರಣಿಗಳ ಮಾಡು ಗರಗಸದ ಹಲ್ಲಿನಂತಿರುತ್ತದೆ. ಪ್ರತಿ ಹಲ್ಲಿನ ಓರೆ ಬದಿಗೆ ಶೀಟು, ನೆಟ್ಟಗಿನ ಬದಿಗೆ ಗಾಜು. ಆ ಗಾಜು ಯಾವಾಗಲೂ ಉತ್ತರಕ್ಕೆ. ಉತ್ತರದಿಂದ ಬೆಳಕು ಬರುತ್ತದೆ, ಬಿಸಿಲು ಇಲ್ಲವೆನ್ನುವಷ್ಟು ಕಡಿಮೆ. ಕಡಿದ ನೂಲಿನ ತುದಿ ಹುಡುಕುವವರ ಕಣ್ಣಿಗೆ ನೆರಳೂ ಅಡ್ಡ ಬರಬಾರದು, ಬಿಸಿಲೂ ಕುಕ್ಕಬಾರದು. ಗಿರಣಿ ಬಾಗಿಲು ಹಾಕಿದ ಮೇಲೆ ಬಕ್ಕೇಶಪ್ಪ ಅಶೋಕ ರಸ್ತೆಯ ಸಿಮೆಂಟ್ ಅಂಗಡಿಯೊಂದರ ಮುಂದೆ ಟೇಬಲ್ ಹಾಕಿಕೊಂಡು, ಸಿಮೆಂಟು ಕೊಳ್ಳಲು ಬಂದವರಿಗೆ ಮನೆಯ ನಕ್ಷೆ ಬರೆದುಕೊಡತೊಡಗಿದರು. ಅಲ್ಲಿಂದ ಶುರುವಾದದ್ದು. ನಿಟ್ಟುವಳ್ಳಿಯ ಮನೆಗಳು, ಮಂಡಕ್ಕಿ ಭಟ್ಟಿಗಳು, ಶಾಲೆಗಳ ಚಿತ್ರಕಲಾ ಕೊಠಡಿ, ಮಲೆಬೆನ್ನೂರಿನ ಅಕ್ಕಿ ಗಿರಣಿಗಳು. ಏನು ಕಟ್ಟಿದರೂ ಅದರಲ್ಲಿ ಎಲ್ಲಾದರೂ ಒಂದು ಹಲ್ಲು, ಉತ್ತರಕ್ಕೆ ಒಂದು ಗಾಜು ಇರುತ್ತಿತ್ತು. ಮಲೆಬೆನ್ನೂರಿನ ಗಿರಣಿಯೊಂದರಲ್ಲಿ ಅಕ್ಕಿಯ ಮಾದರಿ ನೋಡುವ ಕೋಣೆಗೆ ಅವರು ಅಂಥ ಮಾಡು ಹಾಕಿಸಿದಾಗ ಮಾಲೀಕರು ಮೊದಲು ನಕ್ಕಿದ್ದರಂತೆ. ಆಮೇಲೆ ಬೇರೆ ಗಿರಣಿಯ ದಲಾಲರೂ ಪೊಟ್ಟಣ ಕಟ್ಟಿದ ಅಕ್ಕಿ ತಂದು ಅಲ್ಲೇ ಸುರಿದು ನೋಡತೊಡಗಿದರು. ಈ ರೂಮಿನ್ಯಾಗ ಅಕ್ಕಿ ಸುಳ್ಳು ಹೇಳಂಗಿಲ್ಲ ಎಂದು ಆ ಮಾಲೀಕರು ನನಗೂ ಹೇಳಿದ್ದರು. ಬಕ್ಕೇಶಪ್ಪನವರು ಇಂಥ ಮಾತು ಬಂದಾಗ ಟೇಬಲ್ಲಿನ ಮೇಲೆ ಏನಾದರೂ ಹುಡುಕತೊಡಗುತ್ತಿದ್ದರು.

ಊರಿನವರೆಲ್ಲ ಅವರನ್ನು ಇಂಜಿನಿಯರ್ರು ಎನ್ನುತ್ತಿದ್ದರು. ಅವರು ಇಂಜಿನಿಯರೂ ಅಲ್ಲ, ಆರ್ಕಿಟೆಕ್ಟೂ ಅಲ್ಲ. ಎರಡನೆಯ ಹೆಸರು ಹಾಕಿಕೊಳ್ಳಲು ಪದವಿ ಬೇಕು, ನೋಂದಣಿ ಬೇಕು. ಅದು ಅವರಿಗೆ ಗೊತ್ತಿತ್ತು. ಬೋರ್ಡಿನ ಮೇಲೆ ‘ಬಕ್ಕೇಶಪ್ಪ, ಕಟ್ಟಡ ನಕ್ಷೆಗಳು’ ಎಂದಷ್ಟೇ ಇತ್ತು. ಮಂಜೂರಾತಿಗೆ ಹೋಗುವ ಹಾಳೆಗಳು ಪರಿಚಯದ ಇಂಜಿನಿಯರೊಬ್ಬರ ಹೆಸರಿನಲ್ಲಿ ಹೋಗುತ್ತಿದ್ದವು. ಆಗಸ್ಟಿನಲ್ಲಿ ನನ್ನ ನೋಂದಣಿ ಬಂತು. ಮರುದಿನವೇ ಅವರು ಬೋರ್ಡು ಬರೆಯುವವರನ್ನು ಕರೆಸಿ, ತಮ್ಮ ಹೆಸರಿನ ಮೇಲೆ ನನ್ನ ಹೆಸರು, ಅದರ ಮುಂದೆ ಆರ್ಕಿಟೆಕ್ಟ್ ಎಂದು ಹಾಕಲು ಹೇಳಿದರು. ಕೆಳಗೆ ಹಾಕಿ ಎಂದೆ. ಕೇಳಲಿಲ್ಲ. ಬೋರ್ಡಿನವರು ಕನ್ನಡದ ಅಭಿಮಾನಿ. ಕನ್ನಡ ಬೋರ್ಡಿನಲ್ಲಿ ಇಂಗ್ಲಿಷ್ ಮಾತು ಯಾಕೆಂದು ‘ವಾಸ್ತುಶಿಲ್ಪಿ’ ಎಂದು ಬರೆದುಬಿಟ್ಟರು. ನಿಘಂಟಿನ ಪ್ರಕಾರ ಅದು ಸರಿಯಾದ ಪದ. ನಾನೂ ಒಪ್ಪಿದೆ.

ವಾರದೊಳಗೆ ಗುತ್ತೂರಿನಿಂದ ಒಬ್ಬರು ತೀರಿಕೊಂಡ ತಂದೆಯ ಫೋಟೊ ಹಿಡಿದು ಬಂದರು. ಕಪ್ಪು ಕಲ್ಲಿನಲ್ಲಿ ಎದೆಮಟ್ಟದ ಮೂರ್ತಿ ಆಗಬೇಕು, ಮೀಸೆ ಮಾತ್ರ ಹೀಗೆಯೇ ಬರಬೇಕು ಎಂದರು. ನಾವು ಕಟ್ಟಡದವರು ಎಂದು ವಿವರಿಸಿದೆ. ಅವರು ಬೋರ್ಡನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ಶಿಲ್ಪಿ ಅಂತ ಬರ್ಕೊಂಡೀರಿ, ಕಲ್ಲು ಮುಟ್ಟಂಗಿಲ್ಲ ಅಂತೀರಿ. ಮತ್ತೇನ್ ಮೇಣದಾಗ ಮಾಡ್ತೀರಾ?” ಎಂದು ಎದ್ದು ಹೋದರು. ಬಕ್ಕೇಶಪ್ಪನವರು ಒಳಕೋಣೆಗೆ ಹೋಗಿ ನಕ್ಕು ಬಂದರು.

ಪದದ ಎರಡನೆಯ ಅರ್ಧ ನೋಡಿ ಬಂದವರು ಅವರೊಬ್ಬರೇ. ಮೊದಲ ಅರ್ಧ ನೋಡಿ ವಾಸ್ತು ಕೇಳಲು ಬಂದವರು ಬಹಳ. ಸರೋಜಮ್ಮ ಅವರಲ್ಲಿ ಒಬ್ಬರು.

ಅವರು ಹರಿಹರದಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಹದಿನಾರು ವರ್ಷದಿಂದ ಖಾನಾವಳಿ ನಡೆಸುತ್ತಿದ್ದರು. ಗುತ್ತೂರಿನ ಕಡೆ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಅವರ ಗಿರಾಕಿಗಳು. ಅವರೂ ಇನ್ನು ನಾಲ್ವರು ಹೆಂಗಸರೂ ಸೇರಿ ಬೆಳಗಿನಿಂದ ರೊಟ್ಟಿ ಬಡಿಯುವುದು. ಹರಿಹರದ ಅಂಚಿನಲ್ಲಿ, ಹಳೆಯ ಪಿ.ಬಿ. ರೋಡಿಗೆ ಹೊಂದಿ ಒಂದು ಸೈಟು ಕೊಂಡಿದ್ದರು. ಸ್ವಂತದ್ದು ಎಂದು ಅವರು ಕಟ್ಟಿಸುವುದು ಅದೊಂದೇ. ಮನೆ ಕೂಡ ಆಮೇಲೆ ಎಂದರು. ಷರತ್ತು ಒಂದೇ, ಒಲೆ ಅಗ್ನಿಮೂಲೆಗೆ ಇರಬೇಕು. ಅಗ್ನಿಮೂಲೆ ಎಂದರೆ ಆಗ್ನೇಯ.

ನಾವು ವಾಸ್ತು ನೋಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಬಕ್ಕೇಶಪ್ಪ, “ಕೂಡ್ರಿ. ಒಲಿ ಎಲ್ಲಿರಬೇಕು ಅಂತ ನೀವು ಹೇಳ್ರಿ. ಬೆಳಕು ಎಲ್ಲಿಂದ ಬರಬೇಕು ಅಂತ ನಾ ಹೇಳ್ತೀನಿ” ಎಂದರು. ಆಮೇಲೆ ಒಂದು ಗಂಟೆ ಅವರು ಕೇಳಿದ್ದೆಲ್ಲ ಅಡುಗೆಮನೆಯದೇ. ಎಷ್ಟು ಜನ ಒಲೆಯ ಮುಂದೆ ಕೂರುತ್ತಾರೆ, ಹೊಗೆ ಎಲ್ಲಿಗೆ ಹೋಗುತ್ತದೆ, ಲೈಟು ಎಷ್ಟು ಹೊತ್ತಿಗೆ ಹಾಕುತ್ತೀರಿ. ಲೈಟು ಆರಿಸುವುದೇ ಇಲ್ಲ ಎಂದರು ಸರೋಜಮ್ಮ. ಬೆಳಗ್ಗೆ ಐದಕ್ಕೆ ಹಾಕಿದ ಟ್ಯೂಬ್‌ಲೈಟು ಮಧ್ಯಾಹ್ನ ಮೂರಕ್ಕೂ ಉರಿಯುತ್ತಿರುತ್ತದೆ. ರೊಟ್ಟಿ ಬೆಂದಿದೆಯೋ ಸೀದಿದೆಯೋ ನೋಡಲು ಬಾಗಿಲಿಗೆ ತರಬೇಕು. ಬಕ್ಕೇಶಪ್ಪ ಪೆನ್ಸಿಲ್ ಕೆಳಗಿಟ್ಟರು. ಅವರ ತಾಯಿಯೂ ಒಲೆಯ ಮುಂದೆಯೇ ಕಣ್ಣು ಕಳೆದುಕೊಂಡವರು ಎಂದು ಎಷ್ಟೋ ದಿನಗಳ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಗೊತ್ತಾಯಿತು.

ಆ ವಾರವೇ ನಕ್ಷೆಯ ಮೊದಲ ರೂಪ ಬಂತು. ಮುಂದೆ ಊಟದ ಹಾಲ್, ಹಿಂದೆ ಹದಿನೆಂಟು ಅಡಿಗೆ ಹದಿನೆಂಟು ಅಡಿಯ ಚೌಕ ಅಡುಗೆಮನೆ, ಅದರ ಮೇಲೆ ಮೂರು ಹಲ್ಲಿನ ಮಾಡು. ಬಿಡಿ ಹಲ್ಲುಗಳನ್ನು ಅವರು ಎಷ್ಟೋ ಕಡೆ ಹಾಕಿದ್ದರು. ಒಂದು ಕೋಣೆಯ ಇಡೀ ಮಾಡು ಗಿರಣಿಯದರಂತೆ ಬರುವುದು ಇದೇ ಮೊದಲು. ಮಂಡಿ ಎರಡೂ ಹೋಗಿವೆ, ಇದಾದ ಮೇಲೆ ನಾನು ಬರೆಯುವುದಿಲ್ಲ, ನೀನು ಬರೆಯಬೇಕು ಎಂದರು. ಮಾಮೂಲಿ ಮಾತಿನಂತೆಯೇ ಹೇಳಿದರು.

ಮಂಡಿಯ ಕಾರಣಕ್ಕೆ ಸೈಟು ಅಳೆಯಲು ನವೆಂಬರಿನಲ್ಲಿ ನಾನೊಬ್ಬಳೇ ಹೋದೆ. ಅವರಾದರೆ ಜಾಗದ ನಡುವೆ ಗೂಟ ನೆಟ್ಟು, ನೆರಳಿನ ತುದಿಗೆ ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಒಂದು ಸಲ ಗುರುತು ಹಾಕಿ ದಿಕ್ಕು ಹಿಡಿಯುತ್ತಿದ್ದರು. ಗಿರಣಿಯಲ್ಲಿ ಸುತ್ತ ಕಬ್ಬಿಣವಿದ್ದು ದಿಕ್ಸೂಚಿಯ ಮುಳ್ಳು ತಪ್ಪು ತೋರಿಸುತ್ತಿದ್ದರಿಂದ ಕಲಿತ ಪದ್ಧತಿ. ನನಗೆ ಅಷ್ಟು ಹೊತ್ತು ನಿಲ್ಲುವ ಅಗತ್ಯ ಕಾಣಲಿಲ್ಲ. ಸರೋಜಮ್ಮನವರ ಕ್ರಯಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇತ್ತು, ‘ಪಶ್ಚಿಮಕ್ಕೆ ಪಿ.ಬಿ. ರಸ್ತೆ’ ಎಂದು ಸ್ಪಷ್ಟವಾಗಿ ಬರೆದಿತ್ತು. ಪಿ.ಬಿ. ರೋಡ್ ಎಂದರೆ ಪೂನಾ–ಬೆಂಗಳೂರು ರಸ್ತೆ. ನಮ್ಮ ಕಡೆ ಹುಟ್ಟಿದ ಯಾರನ್ನೇ ಕೇಳಿ, ಪೂನಾ ಉತ್ತರಕ್ಕೆ, ಬೆಂಗಳೂರು ದಕ್ಷಿಣಕ್ಕೆ. ರಸ್ತೆ ಉತ್ತರ–ದಕ್ಷಿಣ. ನಾನು ಚಿಕ್ಕವಳಿದ್ದಾಗಿನಿಂದ ದಾರಿ ಕೇಳಿದವರಿಗೆ ಹೇಳಿದ್ದೂ ಹಾಗೆಯೇ. ಫೋನಿನಲ್ಲಿ ದಿಕ್ಸೂಚಿ ಇತ್ತು, ಭೂಪಟವೂ ಇತ್ತು. ತೆಗೆಯಲಿಲ್ಲ. ಗೊತ್ತಿರುವುದನ್ನು ಯಾರೂ ತೆಗೆದು ನೋಡುವುದಿಲ್ಲ.

ಆಫೀಸಿಗೆ ಬಂದಾಗ ಬಕ್ಕೇಶಪ್ಪ ಅಳತೆಗಳನ್ನೆಲ್ಲ ಓದಿಸಿಕೊಂಡು, ಉತ್ತರ ಎಲ್ಲಿಗೆ ಎಂದರು. ಪೂನಾ ಕಡೆ, ರೋಡಿಗೆ ಸಮ ಎಂದೆ. ನೆರಳು ನೋಡಿದೆಯಾ ಎಂದರು. ಪತ್ರದಲ್ಲೂ ಹಾಗೆಯೇ ಇದೆ ಎಂದು ಚಕ್ಕುಬಂದಿ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಓದಿ, ಬಾಣ ಬರೆದು, ಬಲ ಅರ್ಧಕ್ಕೆ ಕಪ್ಪು ತುಂಬಿದರು. ಮಾಡಿನ ಗಾಜುಗಳು ಪೂನಾ ಕಡೆ ಮುಖ ಮಾಡಿದವು. ಒಲೆ ಅದರ ಲೆಕ್ಕದ ಆಗ್ನೇಯಕ್ಕೆ ಹೋಯಿತು. ಆರ್ಕಿಟೆಕ್ಟ್ ಎಂಬ ಜಾಗದಲ್ಲಿ ನನ್ನ ಹೆಸರು ಬಂತು. ಜನವರಿಯಲ್ಲಿ ಮಂಜೂರಾತಿಯೂ ಬಂತು.

ಕಟ್ಟಿದವರು ಹರಿಹರದ ದಾದಾಪೀರ್ ಮೇಸ್ತ್ರಿ. ಬಕ್ಕೇಶಪ್ಪನವರ ಜೊತೆ ಮೂವತ್ತು ವರ್ಷದಿಂದ ಕೆಲಸ ಮಾಡಿದವರು. ನಾನು ಏನು ಕಂಡರೂ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ನೋಡಿ ನನಗೆ ಪಾಸ್‌ಬುಕ್ ಮೇಡಂ ಎಂದು ಹೆಸರಿಟ್ಟರು. ಎದುರಿಗೇ ಹಾಗೆ ಕರೆಯುತ್ತಿದ್ದರು. ಏಪ್ರಿಲ್ ಹೊತ್ತಿಗೆ ಊಟದ ಹಾಲಿಗೆ ಸ್ಲ್ಯಾಬು ಹಾಕಿಯಾಯಿತು, ಅಡುಗೆಮನೆಯ ಗೋಡೆಗಳು ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದವು. ಕಾಂಕ್ರೀಟು ಗಟ್ಟಿಯಾಗಲೆಂದು ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಹಾಕಿ ನೀರು ನಿಲ್ಲಿಸುವುದನ್ನು ಅಲ್ಲಿಯ ಆಳುಗಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಭತ್ತದ ಗದ್ದೆಯಲ್ಲಿ ಮಡಿ ಕಟ್ಟಿ ರೂಢಿಯಿದ್ದವರು. ದೂರದಿಂದ ನೋಡಿದರೆ ಹಾಲಿನ ನೆತ್ತಿಯ ಮೇಲೆ ನಾಟಿಗೆ ತಯಾರಾದ ಗದ್ದೆ ಇದ್ದಂತಿತ್ತು. ಮೇ ಬಂದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲೆಬೆನ್ನೂರಿನ ಕಡೆ ಬೇಸಿಗೆ ಭತ್ತದ ಕೊಯ್ಲಿಗೆ ಹೋದರು. ಕೆಲಸ ನಿಧಾನವಾಯಿತು. ಉಳಿದದ್ದು ಹಲ್ಲಿನ ಮಾಡಿನ ಕಬ್ಬಿಣದ ಚೌಕಟ್ಟಿಗೆ ಅಳತೆ ಕೊಡುವುದು.

ಅಲ್ಲಿಯವರೆಗೆ ನಾನು ಸೈಟಿಗೆ ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೆ. ಆ ದಿನ ಬಿಸಿಲು ಇಳಿದ ಮೇಲೆ ಬರ್ರಿ ಎಂದು ದಾದಾಪೀರ್ ಫೋನ್ ಮಾಡಿದ್ದರಿಂದ ಸಂಜೆ ಐದೂವರೆಗೆ ಹೊರಟೆ. ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ದಾವಣಗೆರೆ ದಾಟಿದ್ದೇ ತಡ ಮುಂದಿನ ಗಾಜಿನ ತುಂಬ ಬಿಸಿಲು. ಡ್ರೈವರ್ ತಲೆಯ ಮೇಲಿನ ಮರೆಗೆ ಟವೆಲ್ ಸಿಕ್ಕಿಸಿಕೊಂಡು ಅದರ ಕೆಳಗಿಂದ ರಸ್ತೆ ನೋಡುತ್ತಿದ್ದರು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್, “ಬ್ಯಾಸಿಗ್ಯಾಗ ಹರಿಹರ ಮುಟ್ಟೋ ತನಕ ಇದೇ ಪಾಡು. ಸೂರ್ಯಂಗೆ ಡಿಕ್ಕಿ ಹೊಡ್ಯಾಕ ಹೊಂಟಂಗೆ ಐತೆ” ಎಂದರು. ನಾಲ್ಕೈದು ಜನ ನಕ್ಕರು. ನನಗೂ ನಗು ಬಂತು. ಬಂದ ನಗು ಅಲ್ಲೇ ನಿಂತಿತು. ನಾನು ಬರೆದುಕೊಟ್ಟ ಪ್ರಕಾರ ಬಸ್ಸು ಉತ್ತರಕ್ಕೆ ಹೋಗುತ್ತಿತ್ತು. ಸೂರ್ಯ ಎದುರಿಗೇ ಮುಳುಗುತ್ತಿದ್ದ.

ಫೋನಿನ ಭೂಪಟ ತೆಗೆದೆ. ರಸ್ತೆ ಒಟ್ಟಾರೆ ಪೂನಾ ಕಡೆಗೆ ಉತ್ತರಕ್ಕೆ ಹೋಗುತ್ತದೆ, ನಿಜ. ದಾವಣಗೆರೆಯಿಂದ ಹರಿಹರದವರೆಗೆ ಮಾತ್ರ ಅದು ಪಶ್ಚಿಮಕ್ಕೆ ಹೋಗುತ್ತದೆ, ಸ್ವಲ್ಪ ಉತ್ತರಕ್ಕೆ ಓರೆಯಾಗಿ. ಕ್ರಯಪತ್ರ ಬರೆದವರೂ ನನ್ನಂತೆಯೇ ಪೂನಾ ಕಡೆಯನ್ನು ಉತ್ತರವೆಂದು ಹಿಡಿದಿದ್ದರು.

ಸೈಟಿನಲ್ಲಿ ಅಡುಗೆಮನೆಯ ನಾಲ್ಕು ಗೋಡೆಗಳ ನಡುವೆ ನಿಂತೆ. ಗಾಜು ಬರಬೇಕಾದ ಕಡೆಯಿಂದ ಬಿಸಿಲು ನೇರವಾಗಿ ಒಳಗೆ ಬಿದ್ದು ಎದುರು ಗೋಡೆಯನ್ನು ತುಂಬಿತ್ತು. ರೊಟ್ಟಿ ಬಡಿಯುವವರು ಕೂರುವುದು ಆ ಗೋಡೆಯ ಕೆಳಗೆ. ಮೂರು ಹಲ್ಲಿನ ಗಾಜಿನಿಂದ ಬೇಸಿಗೆಯ ಸಂಜೆಯೆಲ್ಲ ಬಿಸಿಲು ಅವರ ಮೇಲೆ, ಮುಂದೆ ಒಲೆ. ದಾದಾಪೀರ್ ಟೇಪು ಹಿಡಿದು ಬಂದರು. ಇವತ್ತು ಅಳತೆ ಬೇಡ ಎಂದೆ. ಯಾಕ, ಪಾಸ್‌ಬುಕ್ ಮರ್ತು ಬಂದ್ರಾ ಎಂದರು. ಹೌದು ಎಂದೆ. ಪುಸ್ತಕ ಚೀಲದಲ್ಲೇ ಇತ್ತು.

ಮರಳಿ ಬರುವ ಬಸ್ಸಿನಲ್ಲಿ ಯೋಚಿಸಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕಾಗದದಲ್ಲಿ ಎಲ್ಲವೂ ಸರಿಯಿತ್ತು. ಕ್ರಯಪತ್ರದ ಪ್ರಕಾರ ಗಾಜು ಉತ್ತರಕ್ಕೇ ಇತ್ತು, ಒಲೆ ಆಗ್ನೇಯಕ್ಕೇ ಇತ್ತು. ಬಕ್ಕೇಶಪ್ಪ ಮಂಡಿ ಹಿಡಿದುಕೊಂಡು ಸೈಟಿಗೆ ಬರುವುದು ಇನ್ನು ಅಪರೂಪ. ಬಂದರೂ ಪ್ರವೇಶದ ದಿನ ಬೆಳಗ್ಗೆ ಬರುತ್ತಾರೆ, ಆಗ ಆ ಗಾಜಿನಲ್ಲಿ ಬಿಸಿಲಿರುವುದಿಲ್ಲ. ಸೆಕೆಯಾದರೆ ಗಾಜಿಗೆ ನೀಲಿ ಬಣ್ಣ ಬಳಿಯಬಹುದು. ಇಲ್ಲವಾದರೆ, ವಿನ್ಯಾಸ ಇನ್ನಷ್ಟು ಚೆನ್ನಾಗಲಿ ಎಂದು ಬದಲಾಯಿಸಿದ್ದೇವೆ ಎನ್ನಬಹುದು. ಈ ಕೊನೆಯದು ನನಗೆ ಒಪ್ಪಿಗೆಯಾಯಿತು. ಸುಳ್ಳೂ ಅಲ್ಲ, ಕಟ್ಟಡವೂ ಸರಿಹೋಗುತ್ತದೆ.

ಆಫೀಸಿನಲ್ಲಿ ಬಕ್ಕೇಶಪ್ಪ ಬೀಗ ಹಾಕಲು ಎದ್ದಿದ್ದರು. ನಿಂತಲ್ಲೇ ಎಲ್ಲ ಹೇಳಿದೆ, ಬಸ್ಸಿನಲ್ಲಿ ಕಂಡುಕೊಂಡ ಉಪಾಯವನ್ನೂ ಸೇರಿಸಿ. ಅವರು ಮತ್ತೆ ಕೂತು ಹಾಳೆ ತರಿಸಿಕೊಂಡರು. ಬಹಳ ಹೊತ್ತು ನೋಡಲಿಲ್ಲ. ಎರಡೂ ಕೈಯಿಂದ ಅದನ್ನು ಟೇಬಲ್ಲಿನ ಮೇಲೆ ಕಾಲು ಸುತ್ತು ತಿರುಗಿಸಿದರು. ಅಡುಗೆಮನೆ ಚೌಕವಾದ್ದರಿಂದ ತಿರುಗಿಸಿದರೂ ಕೂರುತ್ತಿತ್ತು. ಗಾಜು ಉತ್ತರದ ಹತ್ತಿರಕ್ಕೆ, ಒಲೆ ಆಗ್ನೇಯದ ಹತ್ತಿರಕ್ಕೆ ಬರುತ್ತಿದ್ದವು. ಒಲೆಯ ಗೋಡೆ ಒಡೆಯಬೇಕು, ಹೊಗೆಯ ಕೊಳವೆ ಸರಿಸಬೇಕು, ಎರಡು ಕಿಟಕಿ ಮುಚ್ಚಿ ಬೇರೆ ಕಡೆ ತೆಗೆಯಬೇಕು.

“ಗೂಟ ನೆಡಾಕ ನಾ ಬರಬೇಕಿತ್ತು” ಎಂದರು. ನಾನು ನೋಡಬೇಕಿತ್ತು ಎಂದೆ. ಆಮೇಲೆ, ನಾನು ಕೇಳದೆಯೇ, ವಿದ್ಯಾನಗರದಲ್ಲಿ ತಾವು ಕಟ್ಟಿಸಿದ ಮೊದಲ ಮನೆಯ ವಿಷಯ ಹೇಳಿದರು. ಒಳಗಿನ ಮೆಟ್ಟಿಲು ಹತ್ತುವಾಗ ತಲೆ ಚಾವಣಿಗೆ ತಾಗುತ್ತಿತ್ತು. ಲೆಕ್ಕ ತಪ್ಪಿದ್ದು ಇವರದೇ. ಮೆಟ್ಟಿಲನ್ನು ಮನೆಯ ಹೊರಗೆ ಕಟ್ಟಿಸಿ, ಗಾಳಿ ಬೆಳಕಿಗೆ ಒಳ್ಳೆಯದು ಅಂತ ಹೀಗೆ ಮಾಡಿದೆ ಎಂದು ಮಾಲೀಕರಿಗೆ ಹೇಳಿದರು. ಮಾಲೀಕರು ನಂಬಿದರು. ಮನೆಗೆ ಬಂದವರಿಗೆಲ್ಲ ಆ ಮೆಟ್ಟಿಲು ತೋರಿಸಿ ಇವರನ್ನು ಹೊಗಳಿದರು.

“ಅವರು ಇರೋ ತನಕ ಹೊಗಳಿದ್ರು. ನಾ ಆ ರಸ್ತ್ಯಾಗ ಹೋಗಾದು ಬಿಟ್ಟೆ. ಈಗಲೂ ಸುತ್ತು ಹಾಕ್ಕೊಂಡೇ ಹೋಗ್ತೀನಿ” ಎಂದರು. ಹಾಳೆಯನ್ನು ಸುರುಳಿ ಸುತ್ತುತ್ತ, “ಹಂಗೆ ಮಾಡಬ್ಯಾಡ. ಊರು ಸಣ್ಣದೈತೆ, ರಸ್ತೆ ಕಡಿಮಿ ಬೀಳ್ತಾವೆ.”

ಸರೋಜಮ್ಮ ಒಪ್ಪದಿದ್ದರೆ ಎಂದೆ. ಒಪ್ಪದಿದ್ದರೆ ಇಲ್ಲ, ಅಡುಗೆಮನೆ ಅವರದು ಎಂದರು. ಒಡೆದು ಕಟ್ಟುವ ಖರ್ಚು ಆಫೀಸಿನದು, ಅದನ್ನು ಮೊದಲೇ ಹೇಳಿಬಿಡು ಎಂದರು. ತಾವು ಫೋನ್ ಮಾಡಲೇ ಎಂದು ಕೇಳಿದರು. ಬೇಡ, ನಾನೇ ಹೋಗುತ್ತೇನೆ ಎಂದೆ.

ಮರುದಿನ ಬೆಳಗ್ಗೆ ಆರೂವರೆ ಬಸ್ಸಿಗೆ ಹರಿಹರಕ್ಕೆ ಹೋದೆ. ಸರೋಜಮ್ಮ ಬಾಡಿಗೆಯ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದರು. ಸುತ್ತ ನಾಲ್ವರು. ಬೇರೆ ಕಡೆ ಕರೆದು ಹೇಳೋಣವೆಂದುಕೊಂಡಿದ್ದೆ, ಅವರು ಏಳುವ ಹಾಗೆ ಕಾಣಲಿಲ್ಲ. ಎಲ್ಲರ ಮುಂದೆಯೇ, ದಿಕ್ಕು ತಪ್ಪಾಗಿದೆ, ತಪ್ಪು ಮಾಡಿದವಳು ನಾನು ಎಂದೆ. ಖರ್ಚಿನ ಮಾತನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ಹಂಗಾದ್ರೆ ನನ್ನ ಒಲಿ ಈಗ ಯಾವ ಮೂಲಿಗೆ ಐತೆ?”

“ಈಶಾನ್ಯದ ಕಡೆ.”

ಪಕ್ಕದ ಹೆಂಗಸು ಲೊಚಗುಟ್ಟಿದರು. ಸರೋಜಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, ದಿನಾ ಮುಂಜಾನೆ ಅಲ್ಲಿ ಹೋಗಿ ನಕ್ಷೆಯಲ್ಲಿದ್ದ ಮೂಡಲಕ್ಕೆ ಕೈಮುಗಿದು ಬರುತ್ತಿದ್ದೇನೆ ಎಂದರು. ಸೂರ್ಯ ಎದುರಿಗೆ ಬರದೆ ಬಲಗಡೆ ಒಲೆಯ ಮೇಲೆ ಬರುತ್ತಿದ್ದ, ಬೇಸಿಗೆಯಲ್ಲಿ ಹಾಗೆ ಸರಿಯುತ್ತಾನೇನೋ ಎಂದುಕೊಂಡಿದ್ದರಂತೆ. ಆಮೇಲೆ ನನ್ನನ್ನು ನೋಡಿದರು.

“ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತೇನ್ರಿ?”

“ಇಲ್ಲ” ಎಂದೆ.

ಅವರು ಆ ರೊಟ್ಟಿ ಇಳಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ನಡೆದೇ ಸೈಟಿಗೆ ಹೋದೆವು. ಅವರು ಒಲೆಯ ಗೋಡೆಯ ಮುಂದೆ ನಿಂತು, ಒಮ್ಮೆ ಸೂರ್ಯನನ್ನೂ ಒಮ್ಮೆ ಗೋಡೆಯನ್ನೂ ನೋಡಿ, ಮೇಸ್ತ್ರಿಗೆ, “ತೆಗೀರಿ. ಹೆಂಗೆ ಕಟ್ಟಬೇಕು ಅಂತ ಈ ಸಲ ಮೇಡಂ ನಿಂತು ಹೇಳ್ತಾರ” ಎಂದರು. ಗಿರಾಕಿಗಳ ಹೊತ್ತಾಯಿತೆಂದು ತಿರುಗಿ ಹೊರಟರು.

ದಾದಾಪೀರ್ ವಿಷಯ ಕೇಳಿ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. “ಪೂನಾ ಉತ್ತರಕ್ಕೇ ಐತೆ ಬಿಡ್ರಿ ಮೇಡಂ. ರೋಡು ಮಾಡಿದವರು ಹರಿಹರ ನೋಡ್ಕೊಂಡು ಹೋಗಾನು ಅಂತ ಈ ಕಡೆ ಬಂದಾರ” ಎಂದರು. ಸುತ್ತಿಗೆ ತರಲು ಹೋದವರು ಅರ್ಧ ದಾರಿಯಿಂದ ವಾಪಸ್ ಬಂದರು. ಕಟ್ಟಿದ್ದನ್ನು ಒಡೆಯುವಾಗ ಬರವಣಿಗೆ ಬೇಕು, ನಾಳೆ ದಾದಾಪೀರ್ ಸೊಟ್ಟ ಕಟ್ಟಿದ ಎಂಬ ಮಾತು ಊರಲ್ಲಿ ಹುಟ್ಟಬಾರದು ಎಂದರು. ನಾನು ನೋಟ್‌ಬುಕ್ ತೆಗೆದೆ. ಅದರಾಗ ಬ್ಯಾಡ, ಅದು ನಿಮ್ಮ ಚೀಲಕ್ಕೆ ಹೋಗ್ತೈತೆ, ಗ್ವಾಡಿ ಮ್ಯಾಲೆ ಬರೀರಿ ಎಂದರು.

ನೆಲದ ಮೇಲಿದ್ದ ಇಟ್ಟಿಗೆ ಚೂರು ತೆಗೆದುಕೊಂಡು ಗೋಡೆಯ ಮೇಲೆ ಒಡೆಯಬೇಕಾದ ಭಾಗದ ಸುತ್ತ ಗೆರೆ ಎಳೆದೆ. ನಡುವೆ ‘ನಕ್ಷೆಯ ತಪ್ಪು. ಮೇಸ್ತ್ರಿಯದಲ್ಲ’ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು, ತಾರೀಕು. ದಾದಾಪೀರ್ ಹಿಂದೆ ಸರಿದು ಅದರ ಫೋಟೊ ತೆಗೆದುಕೊಂಡರು. ಅಕ್ಷರ ಸರಿಯಾಗಿ ಬಂದಿದೆಯೇ ಎಂದು ಬೆರಳಿಂದ ದೊಡ್ಡದು ಮಾಡಿ ನೋಡಿದರು. ಆಮೇಲೆ ಸುತ್ತಿಗೆ ಎತ್ತಿಕೊಂಡು, “ಈ ಕಡೆ ಬರ್ರಿ ಮೇಡಂ, ಸಿಡಿತೈತೆ” ಎಂದರು.

ನಾನು ಸರಿದು ನಿಂತೆ.